ರಕ್ತ ತೆಳುಮಾಡುವ ಗುಳಿಗೆ

ಅಕ್ಕನನ್ನು ಮುನವಳ್ಳಿಗೆ ಕೊಟ್ಟಿದ್ದೆವು. ಅಲ್ಲಿ ಪೇಟೆಯಿಂದ ಸ್ವಲ್ಪ ಒಳಗೆ ಅವರ ಮನೆ. ಮನೆಯ ಪಡಸಾಲೆಯಲ್ಲೇ ಅವಳು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಖಾನಾವಳಿಗಳಿಗೆ ಬಿಸಿ ರೊಟ್ಟಿ, ಮದುವೆ ಮನೆಗಳಿಗೆ ಒಣಗಿಸಿದ ಕಟಕ ರೊಟ್ಟಿ. ಕೈಕೆಳಗೆ ಕೆಲಸಕ್ಕೆ ಓಣಿಯ ಇಬ್ಬರು ಹೆಣ್ಣುಮಕ್ಕಳಿದ್ದರು. ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತೇನೆ. ಅವರು ರೊಟ್ಟಿಯ ಬುಟ್ಟಿಗಳನ್ನು ಮೂರು ಗಾಲಿಯ ಟಂಟಂನಲ್ಲಿ ಹಾಕಿಕೊಂಡು ಯರಗಟ್ಟಿ, ಸವದತ್ತಿ, ಒಮ್ಮೊಮ್ಮೆ ಬೈಲಹೊಂಗಲದವರೆಗೂ ಮುಟ್ಟಿಸಿ ಬರುತ್ತಿದ್ದರು. ಮನೆಯಲ್ಲಿ ಇವರಿಬ್ಬರಲ್ಲದೆ ಅಕ್ಕನ ಅತ್ತೆ. ಮಕ್ಕಳಿರಲಿಲ್ಲ.

ಮಕ್ಕಳಾಗದ್ದಕ್ಕೂ ಅಕ್ಕನ ಎದೆಗೂ ಸಂಬಂಧವಿತ್ತು. ಅವಳು ಹೈಸ್ಕೂಲಿಗೆ ಹೋಗುವ ಮೊದಲೇ ಒಮ್ಮೆ ಮೊಣಕಾಲು, ಮೊಣಕೈ ಎಲ್ಲ ಬಾತು ಜ್ವರ ಬಂದು ಮಲಗಿದ್ದಳು. ಸವದತ್ತಿಯ ಡಾಕ್ಟರು, ಇದು ಕೀಲು ಮುಟ್ಟಿ ಎದೆ ಕಚ್ಚುವ ಜ್ವರ, ವರ್ಷಗಟ್ಟಲೆ ಇಂಜೆಕ್ಷನ್ ಬಿಡಬಾರದು ಅಂದಿದ್ದರಂತೆ. ಅಪ್ಪ ಇರುವವರೆಗೆ ತಪ್ಪದೆ ಕೊಡಿಸಿದ. ಅಪ್ಪ ತೀರಿಕೊಂಡ ಮೇಲೆ ಅದು ಹೇಗೋ ನಿಂತಿತು. ಮದುವೆಯಾಗಿ ಕೆಲವು ವರ್ಷಕ್ಕೆ ಅವಳಿಗೆ ಮಾಳಿಗೆ ಹತ್ತಿದರೂ ಏದುಸಿರು. ಬೆಳಗಾವಿಯಲ್ಲಿ ತೋರಿಸಿದಾಗ ಎದೆಯ ಒಂದು ಕವಾಟ ಕಿರಿದಾಗಿದೆ ಎಂದು ಗೊತ್ತಾಯಿತು. ತೊಡೆಯ ನರದಿಂದ ಬಲೂನು ಹಾಯಿಸಿ ಅದನ್ನು ಅಗಲ ಮಾಡಿದರು. ಏದುಸಿರು ಕಡಿಮೆಯಾಯಿತು. ಆದರೆ ಎದೆಬಡಿತ ತಾಳ ತಪ್ಪಿತ್ತು. ತಾಳ ತಪ್ಪಿದ ಎದೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ, ಅದಕ್ಕೇ ರಕ್ತ ತೆಳುಮಾಡುವ ಗುಳಿಗೆಯನ್ನು ಇರುವವರೆಗೂ ದಿನಾ ಸಂಜೆ ನುಂಗಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದರು. ಬಸುರಾದರೆ ಈ ಗುಳಿಗೆ ಕೂಸಿಗೆ ಆಗುವುದಿಲ್ಲ, ಹೆರಿಗೆಯ ಭಾರ ಆ ಎದೆಗೆ ತಡೆಯುವುದಿಲ್ಲ ಎಂದೂ ಹೇಳಿದರು. ಅಕ್ಕ ಬರುವಾಗ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಆ ಗುಳಿಗೆ ಸಣ್ಣದು, ಬಿಳಿಯದು, ಬೆರಳಲ್ಲಿ ಹಿಡಿದರೆ ಜಾರಿ ಬೀಳುವಂಥದ್ದು. ಹೆಚ್ಚಾದರೆ ರಕ್ತ ಸೋರುತ್ತದೆ, ಕಡಿಮೆಯಾದರೆ ಹೆಪ್ಪುಗಟ್ಟುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ರಕ್ತ ತಪಾಸಿಸಿ ಅಳತೆ ಸರಿಮಾಡಿಕೊಳ್ಳಬೇಕಿತ್ತು. ಸೊಪ್ಪು ತಿಂದರೆ ಗುಳಿಗೆಯ ಶಕ್ತಿ ಕುಗ್ಗುತ್ತದೆ, ಪೂರಾ ಬಿಡುವುದು ಬೇಡ, ದಿನಾ ಒಂದೇ ಅಳತೆಯಲ್ಲಿ ತಿನ್ನಿ ಅಂದಿದ್ದರು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ಸೊಪ್ಪು, ಇಂಥ ತಪ್ಪಲು ಇಲ್ಲದೆ ಊಟವೇ ಆಗುವುದಿಲ್ಲ.

"ತಪ್ಪಲ ಅಳದು ತಿನ್ನೂದ ಹೆಂಗ? ತಕ್ಕಡಿ ಮುಂದಿಟ್ಕೊಂಡು ಉಣಬೇಕನ?" ಎಂದು ಅಕ್ಕ ನನ್ನ ಮುಂದೆ ನಕ್ಕಿದ್ದಳು.

ನಕ್ಕರೂ ಮೊದಮೊದಲು ಎಲ್ಲವನ್ನೂ ಪಾಲಿಸಿದಳು. ಮಾಮಾ ತಿಂಗಳ ಗುಳಿಗೆ ತಂದು ದೇವರ ಜಗುಲಿಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು. ರಕ್ತ ತಪಾಸಣೆಗೆ ತಾವೇ ಬೈಲಹೊಂಗಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಡಾಕ್ಟರು ಕೇಳಿದ್ದಕ್ಕೆ ಉತ್ತರ ಹೇಳುವವರೂ ಅವರೇ. ಅಕ್ಕ ಅವರ ಹಿಂದೆ ನಿಂತು ತಲೆಯಾಡಿಸುತ್ತಿದ್ದಳು. ನಾನು ಸವದತ್ತಿಯಲ್ಲಿ ಗಣಿತದ ಮಾಸ್ತರಿಣಿ. ರಜೆಯ ದಿನ ಹೋಗಿ ಅವಳ ಪಕ್ಕ ಕೂತು ಮಾತಾಡಿ ಬರುತ್ತಿದ್ದೆ. ಒಂದು ವರ್ಷದಿಂದ ಅವಳ ಮುಖ ಬಿಳಿಚಿಕೊಂಡಿತ್ತು. ಕೇಳಿದರೆ ರೊಟ್ಟಿ ಹಂಚಿನ ಕಾವು ಅನ್ನುತ್ತಿದ್ದಳು. ಲಗ್ನದ ಕಾಲ ಬಂದಿದ್ದರಿಂದ ರಕ್ತ ತಪಾಸಣೆಗೆ ಹೋಗುವುದನ್ನೂ ಮುಂದೆ ಹಾಕುತ್ತ ಬಂದಿದ್ದಳು.

ಆ ದಿನ ನಾನು ಬೆಳಗಿನ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದಿದ್ದೆ. ಅಕ್ಕನ ಅತ್ತೆಯ ಫೋನು ಬಂತು. ಅವರು ತಾವಾಗಿ ಫೋನು ಮಾಡುವವರಲ್ಲ. ರೊಟ್ಟಿ ಬಡಿಯುತ್ತ ಕೂತವಳ ಬಲಗೈ ಇದ್ದಕ್ಕಿದ್ದಂತೆ ಹಿಟ್ಟಿನ ಮೇಲೆ ಸತ್ತು ಬಿದ್ದಿತಂತೆ. ಏನಾಯಿತೆಂದು ಕೇಳಿದರೆ ಬಾಯಿ ಒಂದು ಕಡೆ ಎಳೆದು, ತೊದಲಿ, ಪಕ್ಕಕ್ಕೆ ವಾಲಿದಳಂತೆ. ಮೂರ್ಛೆ ಅಂದುಕೊಂಡು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಿದ್ದರು. ಓಣಿಯವರು ಕೂಡಿದ್ದರು. ತೊರಗಲ್ಲಿನ ಕಡೆ ಒಂದು ಹಳ್ಳಿಯಲ್ಲಿ ಲಕ್ವಾಕ್ಕೆ ಔಷಧ ಕೊಡುತ್ತಾರೆ, ಈಗಲೇ ಒಯ್ದರೆ ಒಂದೇ ದಿನದಲ್ಲಿ ಎದ್ದು ಕೂಡುತ್ತಾಳೆ ಎಂದು ಯಾರೋ ಗಾಡಿಯನ್ನೂ ಹೇಳಿಬಿಟ್ಟಿದ್ದರು.

ಗಾಡಿ ಬಂದಿದ್ದರೆ ಅದೇ ಗಾಡಿಯಲ್ಲಿ ಸವದತ್ತಿಗೆ ಕರೆದುಕೊಂಡು ಬನ್ನಿ, ಬಾಯಲ್ಲಿ ನೀರು ಸಹ ಹಾಕಬೇಡಿ ಎಂದು ನಾನು ಹೇಳಿದೆ. ಮಾಮಾ ಯರಗಟ್ಟಿಯಲ್ಲಿದ್ದರು. ಅವರಿಗೂ ಫೋನು ಮಾಡಿ ನೇರ ದವಾಖಾನೆಗೆ ಬರಲು ಹೇಳಿ, ರಿಕ್ಷಾ ಹಿಡಿದೆ.

ಸವದತ್ತಿಯ ದವಾಖಾನೆಯ ಬಾಗಿಲಲ್ಲಿ ಅವಳನ್ನು ಇಳಿಸಿಕೊಂಡಾಗ ಅವಳ ಎಡಗೈ ನನ್ನ ಸೀರೆ ಹಿಡಿಯಿತು. ಬಲಗೈಯಲ್ಲಿ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಕಣ್ಣು ಎಚ್ಚರವಾಗೇ ಇದ್ದವು. ಏನೋ ಹೇಳಲು ನೋಡುತ್ತಿದ್ದಳು, ಬರೀ ಸದ್ದು ಬರುತ್ತಿತ್ತು. ಅಲ್ಲಿದ್ದ ಡಾಕ್ಟರು ಎಳೆಯ ವಯಸ್ಸಿನವರು. ಅವಳ ಕೈಕಾಲು ಎತ್ತಿಸಿ ನೋಡಿ, ಇದು ಶುರುವಾಗಿ ಎಷ್ಟು ಹೊತ್ತಾಯಿತು ಎಂದು ಮೊದಲು ಕೇಳಿದರು. ತಾಸು ದಾಟಿರಬಹುದು ಅಂದೆವು. ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದಿದೆ, ನಾಲ್ಕೂವರೆ ತಾಸಿನ ಒಳಗೆ ಕೊಟ್ಟರೆ ಮಾತ್ರ ಉಪಯೋಗ, ಅದಕ್ಕೆ ಮೊದಲು ತಲೆಯ ಸ್ಕ್ಯಾನ್ ಆಗಬೇಕು, ಇಲ್ಲಿ ಸ್ಕ್ಯಾನ್ ಇಲ್ಲ ಎಂದು ಹೇಳಿ ಧಾರವಾಡಕ್ಕೆ ತಾವೇ ಫೋನು ಹಚ್ಚಿ ತಿಳಿಸಿದರು. ಮಾಮಾ ಬಂದು ಮುಟ್ಟುವಷ್ಟರಲ್ಲಿ ಅಂಬುಲೆನ್ಸ್ ಹೊರಡಲು ನಿಂತಿತ್ತು. ಟಂಟಂನಿಂದ ಇಳಿದವರು ಹಾಗೇ ಬಂದು ಹತ್ತಿದರು. ಅತ್ತೆಯನ್ನು ಅವರು ಬಂದಿದ್ದ ಗಾಡಿಯಲ್ಲೇ ಊರಿಗೆ ಕಳಿಸಿದೆವು.

ಇನಾಮಹೊಂಗಲ ದಾಟುವವರೆಗೂ ಮಾಮಾ ಒಂದೇ ಮಾತು ಹೇಳುತ್ತಿದ್ದರು. "ಗುಳಗಿ ತಪ್ಪಿಸಿಲ್ಲಲ್ಲ ನಾ. ತಿಂಗಳಾ ತಂದಿಟ್ಟೇನಿ. ಮತ್ತ ಹೆಂಗಾತು?" ಅಕ್ಕ ಅವರ ಮುಖ ನೋಡಲಿಲ್ಲ. ಅವಳಿಗೆ ಮಾತು ತಿಳಿಯುತ್ತಿಲ್ಲ ಎಂದುಕೊಂಡೆ.

ಧಾರವಾಡದಲ್ಲಿ ಎಲ್ಲವೂ ಓಟದಲ್ಲಿ ನಡೆಯಿತು. ಸ್ಟ್ರೆಚರನ್ನು ನೇರ ಸ್ಕ್ಯಾನಿಗೆ ಒಯ್ದರು. ಮಿದುಳಿನ ಡಾಕ್ಟರು ಹೊರಗೆ ಬಂದು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದರು. ಎತ್ತರದ, ದಣಿದ ಮುಖದ ಮನುಷ್ಯ. ತಲೆಯಲ್ಲಿ ರಕ್ತಸ್ರಾವ ಕಾಣುತ್ತಿಲ್ಲ, ಎಡ ಮಿದುಳಿನ ನರದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ, ಅದಕ್ಕೇ ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ ಎಂದರು. ಆಮೇಲೆ ಅವಳು ಯಾವ ಗುಳಿಗೆ ನುಂಗುತ್ತಾಳೆ ಎಂದು ಕೇಳಿದರು. ಮಾಮಾ ಹೆಸರು ಹೇಳಿದರು. ಡಾಕ್ಟರ ಮುಖ ಇಳಿಯಿತು. ರಕ್ತ ಮೊದಲೇ ತೆಳುವಾಗಿದ್ದರೆ ಕರಗಿಸುವ ಇಂಜೆಕ್ಷನ್ ಕೊಡುವಂತಿಲ್ಲ, ಕೊಟ್ಟರೆ ಮಿದುಳಿನಲ್ಲಿ ಒಡೆದು ಹರಿಯುತ್ತದೆ, ರಕ್ತದ ತಪಾಸಣೆ ಬರಲಿ ನೋಡೋಣ ಎಂದರು.

ನಾವು ಗೋಡೆಗೆ ಒರಗಿ ನಿಂತೆವು. ಗುಳಿಗೆಯ ಕಾರಣಕ್ಕೆ ಇಂಜೆಕ್ಷನ್ ಇಲ್ಲವಾಗುತ್ತದೆ ಅನ್ನುವುದು ಮಾಮಾಗೆ ಅರ್ಥವಾಗಲಿಲ್ಲ. ಎರಡೂ ರಕ್ತ ಸಡಿಲ ಮಾಡುವ ಔಷಧಿಗಳೇ ಅಲ್ಲವೇ ಎಂದು ನನ್ನನ್ನು ಕೇಳಿದರು. ಅದಕ್ಕೇ ಎರಡೂ ಕೂಡಿದರೆ ಗಂಡಾಂತರ ಎಂದು ನನಗೆ ತಿಳಿದಷ್ಟು ಹೇಳಿದೆ. ಅಷ್ಟರಲ್ಲಿ ಡಾಕ್ಟರು ತಿರುಗಿ ಬಂದರು.

"ರಕ್ತ ತೆಳು ಇಲ್ರಿ," ಅಂದರು. "ಗುಳಗಿ ತಗೊಳ್ಳಾರದವ್ರ ರಕ್ತ ಹೆಂಗಿರತದ ಹಂಗ ಅದ. ಇಂಜೆಕ್ಷನ್ ಕೊಡಬಹುದು."

ನನಗೆ ಸಂತೋಷವಾಯಿತು. ಮಾಮಾಗೆ ಆಗಲಿಲ್ಲ. "ಅದೆಂಗ್ರಿ ಸರ? ದಿನಾ ತಗೋತಾಳ್ರಿ ಆಕಿ," ಅಂದರು. ಡಾಕ್ಟರು ಅದರ ಮಾತು ಆಮೇಲೆ ಆಗಲಿ ಎಂದು, ಇಂಜೆಕ್ಷನ್ನಿನ ಒಳಿತು ಕೆಡುಕು ಹೇಳತೊಡಗಿದರು. ಕೆಲವರು ಪೂರ್ತಿ ಸುಧಾರಿಸುತ್ತಾರೆ, ಕೆಲವರು ಅರ್ಧ, ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಮಿದುಳಿನಲ್ಲೇ ರಕ್ತಸ್ರಾವವಾಗಿ ಇನ್ನೂ ಕೆಡುತ್ತದೆ. ಮಾಮಾ ಎಲ್ಲವನ್ನೂ ಕೇಳಿ ನನ್ನ ಮುಖ ನೋಡಿದರು. ಕೊಡಲಿ ಅಂದೆ. ಅವರು ಸಹಿ ಮಾಡಿದರು. ಪೆನ್ನು ಹಿಡಿದ ಕೈಯಲ್ಲಿ ರೊಟ್ಟಿ ಬುಟ್ಟಿಯ ಹಗ್ಗದ ಗುರುತು ಕೆಂಪಗಿತ್ತು.

ಸ್ವಲ್ಪ ಔಷಧವನ್ನು ಒಮ್ಮೆಲೇ ನರಕ್ಕೆ ಕೊಟ್ಟು, ಉಳಿದದ್ದನ್ನು ಒಂದು ತಾಸಿನವರೆಗೆ ಸಣ್ಣಗೆ ಹರಿಸಿದರು. ನನ್ನನ್ನು ಒಳಗೆ ಬಿಟ್ಟಿದ್ದರು. ನರ್ಸು ಮೇಲಿಂದ ಮೇಲೆ ಬಂದು ಅವಳಿಗೆ ಕಾಲು ಎತ್ತು, ಕೈ ಎತ್ತು ಅನ್ನುತ್ತಿದ್ದಳು. ಔಷಧ ಮುಗಿಯುವ ಹೊತ್ತಿಗೆ ಬಲಗಾಲಿನ ಹೆಬ್ಬೆರಳು ಅಲುಗಿತು. ಆಮೇಲೆ ಮೊಣಕಾಲು ಸ್ವಲ್ಪ ಮಡಚಿತು. ನಾನು ಹೊರಗೆ ಓಡಿ ಮಾಮಾಗೆ ಹೇಳಿದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕೆಳಗೆ ಕೂತುಬಿಟ್ಟರು. ಆ ದಿನ ನಮ್ಮ ಪಾಲಿಗೆ ಬಂದ ಒಳ್ಳೆಯ ಸುದ್ದಿ ಅದೊಂದೇ.

ಸಂಜೆಗೆ ನರ್ಸು ಹಾಸಿಗೆ ಬದಲಿಸಲು ಹೋದವಳು ಡಾಕ್ಟರನ್ನು ಕರೆದಳು. ಅಕ್ಕ ಮುಟ್ಟಾಗಿದ್ದಳು. ಅದು ಆಗಲೇ ಶುರುವಾಗಿದ್ದಿರಬೇಕು, ಇಂಜೆಕ್ಷನ್ ಆದ ಮೇಲೆ ತಡೆಯಿಲ್ಲದೆ ಹರಿಯತೊಡಗಿತ್ತು. ಹಾಸಿಗೆಯ ಮೇಲಿನ ಹೊದಿಕೆ ಪೂರ್ತಿ ತೊಯ್ದಿತ್ತು. ರಕ್ತ ಏರಿಸಬೇಕಾಯಿತು. ಅವಳ ಮೈಯಲ್ಲಿ ಮೊದಲೇ ರಕ್ತ ಇರಬೇಕಾದದ್ದರ ಅರ್ಧದಷ್ಟೇ ಇದೆ, ಇದು ಇಂದಿನದಲ್ಲ, ಬಹಳ ತಿಂಗಳಿನದು ಎಂದು ಹೇಳಿದರು. ಹೆಣ್ಣುಮಕ್ಕಳ ಡಾಕ್ಟರನ್ನು ಕರೆಸಿದರು.

ಆಕೆ ನಡುವಯಸ್ಸಿನವರು. ಮೆಲ್ಲಗೆ ಮಾತಾಡುತ್ತಿದ್ದರು. ತಿಂಗಳು ತಿಂಗಳು ಎಷ್ಟು ಹೋಗುತ್ತಿತ್ತು ಎಂದು ಮೊದಲು ಮಾಮಾನನ್ನು ಕೇಳಿದರು. ಮಾಮಾ ನೆಲ ನೋಡಿದರು. ಆಮೇಲೆ ಡಾಕ್ಟರು ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ಅಕ್ಕತಂಗಿಯರು ನಾವು ಎಲ್ಲ ಮಾತಾಡುತ್ತಿದ್ದೆವು, ಇದೊಂದನ್ನು ಅವಳು ಎಂದೂ ಎತ್ತಿರಲಿಲ್ಲ. ಡಾಕ್ಟರು ಮಾಮಾಗೆ ಹೊರಗೆ ನಿಲ್ಲಲು ಹೇಳಿ, ಅಕ್ಕನ ಮಂಚದ ಮೇಲೆ ಕೂತು ಅವಳ ಎಡಗೈ ಹಿಡಿದುಕೊಂಡರು.

"ನಾ ಕೇಳತೀನಿ, ಹೌದಂದ್ರ ನನ್ನ ಕೈ ಒತ್ತು. ತಿಳೀತೇನವಾ?"

ಅಕ್ಕ ಒತ್ತಿದಳು.

"ತಿಂಗಳದಾಗ ಭಾಳ ಹೋಗತಿತ್ತು?"

ಒತ್ತಿದಳು.

"ಈ ಗುಳಗಿ ಶುರು ಆದ ಮ್ಯಾಲ?"

ಒತ್ತಿದಳು.

"ಅದಕ್ಕ ಗುಳಗಿ ಬಿಟ್ಟಿದ್ದೇನು?"

ಅಕ್ಕ ಕೈ ಒತ್ತಲಿಲ್ಲ. ಕಣ್ಣು ಮುಚ್ಚಿದಳು. ಎಳೆದ ಬಾಯಿಯ ಕಡೆಯ ಕೆನ್ನೆಯ ಮೇಲೆ ನೀರು ಇಳಿಯಿತು. ಡಾಕ್ಟರು ಅವಸರ ಮಾಡಲಿಲ್ಲ, ಕೈ ಹಿಡಿದುಕೊಂಡೇ ಇದ್ದರು. ಬಹಳ ಹೊತ್ತಿನ ಮೇಲೆ ಅಕ್ಕನ ಬೆರಳುಗಳು ಬಿಗಿಯಾದವು.

ಬಿಡಿಬಿಡಿಯಾಗಿ ಕೇಳುತ್ತ ಹೋದಂತೆ ಎಲ್ಲ ತಿಳಿಯಿತು. ಮೊದಲು ಮುಟ್ಟಿನ ದಿನಗಳಲ್ಲಿ ಮಾತ್ರ ಬಿಡುತ್ತಿದ್ದಳು. ಆಮೇಲೆ ಹೋಗುವುದು ಹದಿನೈದು ದಿನಕ್ಕೆ ಚಾಚಿತು, ಬಿಡುವ ದಿನಗಳೂ ಹಾಗೇ ಬೆಳೆದವು. ಒಲೆಯ ಮುಂದೆ ಕೂತವಳು ಏಳಲು ಹೆದರುತ್ತಿದ್ದಳು, ಹಿಂದೆ ಸೀರೆ ಕೆಟ್ಟಿದ್ದರೆ ಗಿರಾಕಿಗಳು ನೋಡಿಯಾರು ಎಂದು. ಗುಳಿಗೆ ಬಿಟ್ಟರೆ ಕಡಿಮೆಯಾಗುವುದು ಅವಳಿಗೇ ಕಂಡಿತ್ತು. ಕೊನೆಗೆ, ತಪಾಸಣೆ ಮುಂದೆ ಹಾಕತೊಡಗಿದ ಮೇಲೆ, ಪೂರ್ತಿ ನಿಲ್ಲಿಸಿದ್ದಳು. ಮಾಮಾ ಹೊಸ ಗುಳಿಗೆ ತರುವುದರೊಳಗೆ ಹಳೆಯದನ್ನು ಬಚ್ಚಲ ನೀರಿಗೆ ಹಾಕುತ್ತಿದ್ದಳು. ಬೈಲಹೊಂಗಲದ ಎದೆಯ ಡಾಕ್ಟರನ್ನು ಕೇಳಬಹುದಿತ್ತು. ಆದರೆ ಅವರು ಗಂಡಸು, ಪಕ್ಕದಲ್ಲಿ ಗಂಡ, ಹೊರಗೆ ಸಾಲುಗಟ್ಟಿದ ಮಂದಿ. ರಕ್ತ ಎಲ್ಲಾದರೂ ಹೋಗುತ್ತದೆಯೇ ಎಂದು ಆ ಡಾಕ್ಟರು ಪ್ರತಿ ಸಲ ಕೇಳುತ್ತಿದ್ದುದು ನಿಜ. ಮೂಗಿನಿಂದ, ಒಸಡಿನಿಂದ ಇಲ್ಲ ಎಂದು ಮಾಮಾ ಉತ್ತರ ಹೇಳುತ್ತಿದ್ದರು. ಅವರು ಸುಳ್ಳು ಹೇಳಿರಲಿಲ್ಲ.

ಹೊರಗೆ ಬಂದು ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಸ್ಪತ್ರೆಯ ಹಿಂದೆ ಬೇವಿನ ಗಿಡದ ಕೆಳಗೆ ಕಲ್ಲಿನ ಬೆಂಚಿತ್ತು. ಅಲ್ಲಿ ಕೂತು ಹೇಳಿದೆ. ಸಿಟ್ಟು ಬಂದೀತು ಎಂದುಕೊಂಡಿದ್ದೆ. ಬರಲಿಲ್ಲ. ಅವರು ಎದುರಿಗಿದ್ದ ನೀರಿನ ನಲ್ಲಿಯನ್ನು ನೋಡುತ್ತ ಕೂತರು.

"ಒಂದ ಮನ್ಯಾಗ ಇದ್ವಿ," ಅಂದರು. "ಒಂದ ತಾಟಿನ್ಯಾಗ ಉಂಡೇವಿ. ನನಗ ಹೇಳಲಿಲ್ಲ ನೋಡು."

ಆಮೇಲೆ ತಾವೇ ಮತ್ತೆ ಅಂದರು: "ನಾನರ ಎಲ್ಲಿ ಕೇಳೇನಿ."

ಮರುದಿನ ತಲೆಯನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿದರು. ಹೆಪ್ಪು ಸಿಕ್ಕಿದ್ದ ಜಾಗದಲ್ಲಿ ಸಣ್ಣ ರಕ್ತಸ್ರಾವವಾಗಿತ್ತು. ಇಂಜೆಕ್ಷನ್ನಿನಿಂದ ಹೀಗಾಗಬಹುದೆಂದು ಮೊದಲೇ ಹೇಳಿದ್ದರು. ಬಲಗಾಲಿಗೆ ಬಂದ ಶಕ್ತಿ ಉಳಿಯಿತು, ಕೈ ಮಾತ್ರ ಏಳಲಿಲ್ಲ. ಮಾತು ಒಳಗೇ ಎಲ್ಲೋ ಸಿಕ್ಕಿಕೊಂಡಿತ್ತು. ಕಷ್ಟ ಅದಷ್ಟೇ ಅಲ್ಲ. ಅವಳ ಎದೆ ಇನ್ನೂ ತಾಳ ತಪ್ಪಿಯೇ ಬಡಿಯುತ್ತಿತ್ತು, ಯಾವ ಹೊತ್ತಿನಲ್ಲಾದರೂ ಇನ್ನೊಂದು ಹೆಪ್ಪು ಕಟ್ಟಿ ಮೇಲೇರಬಹುದಿತ್ತು. ಅದನ್ನು ತಡೆಯಲು ಆ ಗುಳಿಗೆಯೇ ಬೇಕು. ಆದರೆ ಈಗ ಅದನ್ನು ಕೊಟ್ಟರೆ ತಲೆಯೊಳಗಿನ ರಕ್ತಸ್ರಾವ ಬೆಳೆಯುತ್ತದೆ.

ಧಾರವಾಡದ ಎದೆಯ ಡಾಕ್ಟರು ಬೇಗ ಶುರುಮಾಡಿ ಅನ್ನುತ್ತಿದ್ದರು. ಮಿದುಳಿನ ಡಾಕ್ಟರು ತಡೆಯಿರಿ ಅನ್ನುತ್ತಿದ್ದರು. ಇಬ್ಬರೂ ಅವಳ ಮಂಚದ ಕಾಲ ಬಳಿ ನಿಂತು ಸಣ್ಣ ದನಿಯಲ್ಲಿ ಮಾತಾಡುವುದನ್ನು ಅಕ್ಕ ಮಲಗಿದಲ್ಲಿಂದಲೇ ನೋಡುತ್ತಿದ್ದಳು. ಕೊನೆಗೆ ಕೆಲವು ವಾರ ಬಿಟ್ಟು, ಸ್ಕ್ಯಾನಿನಲ್ಲಿ ರಕ್ತ ಆರಿದ್ದು ಕಂಡ ಮೇಲೆ ಶುರುಮಾಡುವುದೆಂದಾಯಿತು. ಆ ವಾರಗಳಲ್ಲಿ ಅವಳು ಆಕಳಿಸಿದರೂ ನಾವು ಬಾಯಿ ವಕ್ರವಾಯಿತೇ ಎಂದು ನೋಡುತ್ತಿದ್ದೆವು. ನಿದ್ದೆ ಹೋದರೆ ಎಬ್ಬಿಸುತ್ತಿದ್ದೆವು. ಪಾಪ, ಅವಳು ಸಿಟ್ಟಿನಿಂದ ಎಡಗೈ ಬೀಸಿ ನಮ್ಮನ್ನು ದೂರ ತಳ್ಳುತ್ತಿದ್ದಳು.

ಊರಿಗೆ ಕರೆತಂದ ಮೇಲೆ ಮನೆ ತುಂಬ ನೋಡಲು ಬಂದವರು. ಪಡಸಾಲೆಯಲ್ಲಿ ಒಲೆ ಆರಿತ್ತು, ಜೋಳದ ಚೀಲಗಳು ಹಾಗೇ ಇದ್ದವು. ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಕ್ಕಳು ದಿನಾ ಬಂದು ಸ್ವಲ್ಪ ಹೊತ್ತು ಸುಮ್ಮನೆ ಕೂತು ಹೋಗುತ್ತಿದ್ದರು. ಬಂದವರೆಲ್ಲರಿಗೂ ಒಬ್ಬೊಬ್ಬ ಲಕ್ವಾ ಆದವನ ಕಥೆ ಗೊತ್ತಿತ್ತು. ಎಣ್ಣೆ ಹಚ್ಚಿದರೆ ಎದ್ದವರು, ಪಾರಿವಾಳದ ರಕ್ತ ತಿಕ್ಕಿಸಿದರೆ ಎದ್ದವರು, ದವಾಖಾನೆಯಲ್ಲಿದ್ದು ಸತ್ತವರು. ಅಕ್ಕನ ಅತ್ತೆ ಎಲ್ಲವನ್ನೂ ಕೇಳಿ, ಕೊನೆಗೆ ತೊರಗಲ್ಲಿನ ಕಡೆಯ ಆ ಹಳ್ಳಿಗೆ ಒಂದು ಸಲ ಒಯ್ಯೋಣ ಎಂದು ಹಟ ಹಿಡಿದರು. ಅವರು ಕೆಟ್ಟವರಲ್ಲ. ಸೊಸೆಯ ಬಾಯಿ ಒರೆಸಿ ಅಂಬಲಿ ಕುಡಿಸುತ್ತಿದ್ದವರು ಅವರೇ. ನನಗೆ ಮನಸ್ಸಿರಲಿಲ್ಲ, ಆದರೆ ಮಾಮಾ ತಾಯಿಯ ಮಾತು ಮುರಿಯಲಾರದೆ ಒಪ್ಪಿದರು. ಅಷ್ಟರಲ್ಲಿ ಗುಳಿಗೆ ಮತ್ತೆ ಶುರುವಾಗಿ ಕೆಲವು ದಿನವಾಗಿತ್ತು.

ನಾವು ನಾಲ್ವರೂ ಟಂಟಂನಲ್ಲಿ ಹೋದೆವು. ದೂರದಲ್ಲಿ ತೊರಗಲ್ ಕೋಟೆಯ ಗುಡ್ಡ ಕಾಣುತ್ತಿತ್ತು, ಬಿಸಿಲಿಗೆ ಬೂದಿ ಬಣ್ಣ. ಔಷಧ ಕೊಡುವವರ ಮನೆಯ ಮುಂದೆ ಬೇರೆ ಬೇರೆ ಊರಿನ ಗಾಡಿಗಳು ನಿಂತಿದ್ದವು, ಒಂದೊಂದರಲ್ಲೂ ಒಂದು ಕಡೆಯ ಕೈಕಾಲು ಹೋದವರು. ಒಬ್ಬ ಮುದುಕ ಹುಣಸೆ ಗಿಡಕ್ಕೆ ಒರಗಿ ತನ್ನ ಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ನಮ್ಮ ಸರದಿ ಬಂದಾಗ ಔಷಧ ಕೊಡುವವರು ಅಕ್ಕನ ಕೈ ಹಿಡಿದು, ನಾಲಿಗೆ ನೋಡಿ, ಎಣ್ಣೆಯ ಬಾಟಲಿ, ಪುಡಿಯ ಪೊಟ್ಟಣ ಮುಂದಿಟ್ಟರು. ಮಾತು ಒರಟಾಗಿರಲಿಲ್ಲ.

"ಇಂಗ್ಲಿಷ್ ಔಷಧ ಎಲ್ಲಾ ಬಂದ್ ಮಾಡಬೇಕ್ರಿ," ಅಂದರು. "ಎರಡೂ ಕೂಡಿದ್ರ ನಮ್ಮದು ಹತ್ತೂದಿಲ್ಲ."

ಅತ್ತೆ ಮಗನ ಮುಖ ನೋಡಿದರು. ಮಾಮಾ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕನ ಕಡೆಯಿಂದ ಸದ್ದು ಬಂತು.

"ಬ್ಯಾಡ."

ದವಾಖಾನೆಯಿಂದ ಬಂದ ಮೇಲೆ ಅವಳ ಬಾಯಲ್ಲಿ ಮೂರೋ ನಾಲ್ಕೋ ಶಬ್ದ ಉಳಿದಿದ್ದವು, ಅವೂ ಬೇಕೆಂದಾಗ ಬರುತ್ತಿರಲಿಲ್ಲ. ಇದು ಬಂತು. ಎಡಗೈಯಿಂದ ನನ್ನ ಚೀಲವನ್ನು ಎಳೆದುಕೊಂಡಳು. ಗುಳಿಗೆಗಳು ಅದರಲ್ಲಿದ್ದವು. ಚೀಲವನ್ನು ಎದೆಗೆ ಅವುಚಿಕೊಂಡು ಇನ್ನೊಮ್ಮೆ ಅಂದಳು. ಅತ್ತೆ ಸಮಾಧಾನ ಮಾಡಲು ಬೆನ್ನು ನೇವರಿಸಿದರೆ ಅವರ ಕೈಯನ್ನೂ ಕೊಡವಿದಳು. ಔಷಧ ಕೊಡುವವರು ಎಣ್ಣೆಯನ್ನಾದರೂ ಹಚ್ಚಿಕೊಳ್ಳಲಿ ಎಂದು ಬಾಟಲಿ ಕೊಟ್ಟು ಕಳಿಸಿದರು. ರಾಮದುರ್ಗದ ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಂತಾಗ ಅತ್ತೆ ಬಸಿಯಲ್ಲಿ ಚಹಾ ಆರಿಸಿ ಅವಳಿಗೆ ಕುಡಿಸುತ್ತ, "ನಿನ್ನ ಜೀವಾ, ನಿನ್ನ ಮರ್ಜಿ ಯವ್ವಾ," ಅಂದರು. ಆ ಮಾತು ಆ ಮನೆಯಲ್ಲಿ ಯಾರಾದರೂ ಮೊದಲೇ ಅಂದಿದ್ದರೆ ಎಂದು ನನಗೆ ಅನ್ನಿಸಿತು.

ಹೆಣ್ಣುಮಕ್ಕಳ ಡಾಕ್ಟರು ಮುಂದಿನ ಭೇಟಿಯಲ್ಲಿ ಅಕ್ಕನ ಗರ್ಭಚೀಲದಲ್ಲಿ ಸಣ್ಣದೊಂದು ಸಾಧನ ಇಟ್ಟರು. ಅದು ಒಳಗೇ ಸ್ವಲ್ಪ ಸ್ವಲ್ಪ ಔಷಧ ಬಿಡುತ್ತ ವರ್ಷಗಟ್ಟಲೆ ಇರುತ್ತದೆ, ಮುಟ್ಟಿನ ಹರಿವು ತಾನಾಗಿ ತಗ್ಗುತ್ತದೆ, ರಕ್ತ ತೆಳುಮಾಡುವ ಗುಳಿಗೆಯನ್ನು ನಿಲ್ಲಿಸಬೇಕಾಗಿಲ್ಲ ಎಂದರು. ಕೆಲವು ತಿಂಗಳಿಗೆ ಹಾಗೇ ಆಯಿತು, ಮುಟ್ಟು ನಿಂತೇಹೋದಂತಾಯಿತು. ಇಷ್ಟು ಸುಲಭವೇ ಎಂದು ನಾನು ಕೇಳಿದಾಗ ಡಾಕ್ಟರು, ಕೇಳಿಕೊಂಡು ಬಂದವರಿಗೆ ಸುಲಭ ಅಂದರು. ಅಕ್ಕ ಪಕ್ಕದಲ್ಲೇ ಇದ್ದಳು. ಅವಳಿಗೆ ಈಗ ಆಡಿದ್ದು ಎಲ್ಲವೂ ತಿಳಿಯುತ್ತದೆ. ತಿಳಿದದ್ದಕ್ಕೆ ಉತ್ತರ ಹೇಳಲಾರಳು.

ಇದೆಲ್ಲ ಆಗಿ ಈಗ ಎರಡು ವರ್ಷ. ಅಕ್ಕ ಗೋಡೆ ಹಿಡಿದು ನಡೆಯುತ್ತಾಳೆ. ಬಲಗೈ ಮಡಚಿ ಎದೆಗೆ ಅಂಟಿಕೊಂಡಿದೆ, ಬೆರಳುಗಳ ಸಂದಿಯಲ್ಲಿ ಬೆವರು ನಿಂತು ಹುಣ್ಣಾಗದಂತೆ ಅತ್ತೆ ದಿನಾ ಬಿಡಿಸಿ ಒರೆಸುತ್ತಾರೆ. ರೊಟ್ಟಿ ಅಂಗಡಿಯನ್ನು ಕೆಲಸಕ್ಕಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳು ತನ್ನ ಮನೆಯಲ್ಲಿ ನಡೆಸುತ್ತಾಳೆ. ಮೊದಮೊದಲು ಅವಳು ಬಂದು ಹಿಟ್ಟಿನ ಹದ ಕೇಳುತ್ತಿದ್ದಳು, ಅಕ್ಕ ಎಡಗೈಯಲ್ಲಿ ಹಿಚುಕಿ ನೋಡಿ ತಲೆಯಾಡಿಸುತ್ತಿದ್ದಳು. ಈಗ ಅವಳು ಬರುವುದಿಲ್ಲ. ಬಂದರೆ ಅಕ್ಕ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಮಾಮಾ ಈಗ ಬೇರೆಯವರ ಸಾಮಾನು ಸಾಗಿಸುತ್ತಾರೆ. ಎಲ್ಲಿದ್ದರೂ ಸಂಜೆ ಗುಳಿಗೆಯ ಹೊತ್ತಿಗೆ ಮನೆಯಲ್ಲಿರುತ್ತಾರೆ. ನೀರಿನ ಲೋಟ ಹಿಡಿದು ಎದುರಿಗೆ ನಿಂತು, ಅವಳು ನುಂಗುವುದನ್ನು ನೋಡಿ, ನಾಲಿಗೆ ತೋರಿಸು ಅನ್ನುತ್ತಾರೆ. ಮೊದಲ ಸಲ ಕಂಡಾಗ ನನಗೆ ಅದು ಪ್ರೀತಿ ಅನ್ನಿಸಿತ್ತು. ಇತ್ತೀಚೆಗೆ ನೋಡಿದಾಗ ಇಬ್ಬರಲ್ಲೂ ಅಂಥದ್ದೇನೂ ಕಾಣಲಿಲ್ಲ. ಅವರು ನಂಬುವುದಿಲ್ಲ, ಅವಳು ಅದನ್ನು ಬಲ್ಲಳು. ನಾಲಿಗೆ ಚಾಚುತ್ತಾಳೆ, ಅವರು ಲೋಟ ತೊಳೆದಿಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂಡುತ್ತಾರೆ. ಹಿಂದೆ ಇಬ್ಬರೂ ಜಗಳಾಡುತ್ತಿದ್ದರು, ನಗುತ್ತಿದ್ದರು, ಯಾವ ಮದುವೆಗೆ ಎಷ್ಟು ಬುಟ್ಟಿ ಎಂದು ವಾದ ಮಾಡುತ್ತಿದ್ದರು. ಈಗ ಮಾತಾಡಬಲ್ಲ ಮಾಮಾ ಕೂಡ ಮಾತಾಡುವುದಿಲ್ಲ.

ರಕ್ತ ತಪಾಸಣೆಗೆ ಈಗ ಅವಳನ್ನು ನಾನು ಕರೆದುಕೊಂಡು ಹೋಗುತ್ತೇನೆ. ಡಾಕ್ಟರ ಮುಂದೆ ನಾವಿಬ್ಬರೇ. ಅವರು ಕೇಳುತ್ತಾರೆ, ಅಕ್ಕ ತಲೆಯಾಡಿಸುತ್ತಾಳೆ ಅಥವಾ ಕೈ ಬೀಸುತ್ತಾಳೆ, ಅರ್ಥವಾಗದಿದ್ದರೆ ಇನ್ನೊಂದು ರೀತಿಯಲ್ಲಿ ಕೇಳುತ್ತಾರೆ. ಎದೆಯ ಬಡಿತ ಹಾಗೇ ಇದೆ. ಕವಾಟ ಮತ್ತೆ ಕಿರಿದಾಗುತ್ತಿದೆ, ಮುಂದೊಂದು ದಿನ ಎದೆ ತೆರೆದು ಬದಲಿಸಬೇಕಾದೀತು ಎಂದು ಹೋದ ಸಲ ಹೇಳಿದರು. ಅದನ್ನು ಕೇಳಿ ಅಕ್ಕ ಕಿಟಕಿಯ ಕಡೆ ನೋಡಿದಳು. ನಾನು ಇನ್ನೂ ಮನೆಯಲ್ಲಿ ಹೇಳಿಲ್ಲ.

ಆ ದಿನ ಬೈಲಹೊಂಗಲದಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಜಾಗವಿತ್ತು. ಕಿಟಕಿಯ ಪಕ್ಕ ಅವಳನ್ನು ಕೂಡಿಸಿದ್ದೆ. ಹೊರಗೆ ಕಬ್ಬು ಕಟಾವಾಗಿ ಹೊಲಗಳು ಬೋಳಾಗಿದ್ದವು, ಅಲ್ಲಲ್ಲಿ ಉಳಿದ ಒಣಗರಿ, ರವದಿ ಸುಡುತ್ತಿದ್ದರು. ಅಕ್ಕ ನನ್ನ ಮೊಣಕೈ ಹಿಡಿದಳು. ಬಾಯಿ ತೆರೆದಳು. ಏನೋ ಹೇಳಬೇಕಿತ್ತು ಅವಳಿಗೆ, ನೀರಲ್ಲ, ಬಚ್ಚಲಲ್ಲ, ಅಂಥ ದಿನದ ಮಾತು ಅಲ್ಲವೆಂದು ಕಣ್ಣಲ್ಲೇ ಗೊತ್ತಾಗುತ್ತಿತ್ತು. "ಅದು," ಅಂದಳು. "ಅದು, ಅದು." ನಾನು ಒಂದೊಂದಾಗಿ ಕೇಳಿದೆ. ಆಪರೇಶನ್ ಬಗ್ಗೆ ಏನು? ಮಾಮಾ ಬಗ್ಗೆ ಏನು? ಅಪ್ಪನ ನೆನಪಾಯಿತೇನು? ಗುಳಿಗೆ ಬಿಟ್ಟದ್ದರ ಬಗ್ಗೆಯೇನು? ಎಲ್ಲದಕ್ಕೂ ತಲೆ ಅಡ್ಡಡ್ಡ ಆಡಿಸಿದಳು. ಮುನವಳ್ಳಿ ಬರುವವರೆಗೂ ನಾನು ಕೇಳುತ್ತಲೇ ಇದ್ದೆ. ನಡುವೆ ಎಲ್ಲೋ ಅವಳು ಉತ್ತರ ಕೊಡುವುದನ್ನು ಬಿಟ್ಟು ಹೊರಗೆ ನೋಡತೊಡಗಿದ್ದಳು. ಕೈ ಮಾತ್ರ ನನ್ನ ಮೊಣಕೈಯ ಮೇಲೇ ಇತ್ತು. ಏನು ಹೇಳಲು ಹೊರಟಿದ್ದಳೆಂದು ನನಗೆ ಇಂದಿಗೂ ಗೊತ್ತಾಗಿಲ್ಲ.